ಗುಂಡಿಯಿಲ್ಲದ ಅಂಗಿಗಳು

ಮನೆಯಿಂದ,
ನವೆಂಬರ್ ೧೮, ಮಂಗಳವಾರ ಮಧ್ಯಾಹ್ನ

ನನ್ನ ಮುದ್ದು ತಂಗೀ,

ನಿನ್ನ ಗಂಟಲು ಈಗ ಹೇಗಿದೆ? ಬಿಸಿ ಉಪ್ಪುನೀರಿನಲ್ಲಿ ಮುಕ್ಕಳಿಸು ಎಂದರೆ ನೀನು ಕೇಳುವವಳಲ್ಲ. ಶಾಲೆಯಲ್ಲಿ ಇಡೀ ದಿನ ಮಕ್ಕಳ ಮೇಲೆ ಕೂಗಾಡಿ, ಮನೆಗೆ ಬಂದು ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತೀಯ. ಪುಟ್ಟಿಗೆ ಬಿದ್ದ ಹಲ್ಲು ಮತ್ತೆ ಬಂತೇ? ನಿಮ್ಮವರ ಬೆನ್ನುನೋವು ವಾಸಿಯಾಯಿತೇ? ಇಲ್ಲಿ ನಾವು ಚೆನ್ನಾಗಿದ್ದೇವೆ. ನಿನ್ನ ಭಾವ ಯಾರದೋ ಮನೆಯ ನಲ್ಲಿ ರಿಪೇರಿಗೆ ಹೋಗಿದ್ದಾರೆ. ಊರಿನ ನಲ್ಲಿಗಳೆಲ್ಲ ಅವರ ಕೈಯಲ್ಲಿ ನೆಟ್ಟಗಾಗುತ್ತವೆ, ನಮ್ಮ ಅಡುಗೆಮನೆಯದು ಮಾತ್ರ ಹೋದ ವರ್ಷದಿಂದ ತೊಟ್ಟಿಕ್ಕುತ್ತಲೇ ಇದೆ. ನಾನು ವಾರದಲ್ಲಿ ಮೂರು ದಿನ ಆಸ್ಪತ್ರೆಗೆ ಹೋಗಿ, ಆ ಯಂತ್ರದ ಪಕ್ಕ ಮಲಗಿ, ರಕ್ತ ತೊಳೆಸಿಕೊಂಡು ಬರುತ್ತೇನೆ. ಬಂದ ದಿನ ಸುಸ್ತು. ಉಳಿದ ದಿನ ಹೊಲಿಗೆ ಮಿಷನ್ನಿನ ಮುಂದೆ ಕೂತರೆ ನಾನೇ ರಾಣಿ.

ನೀನು ನನ್ನ ಫೋನ್ ಎತ್ತುವುದನ್ನು ಬಿಟ್ಟು ತಿಂಗಳಾಗುತ್ತಾ ಬಂತು. ಹೋಗಲಿ, ಕಾಗದವಾದರೆ ಫೋನಿನ ಹಾಗೆ ನಡುವೆ ಕುಕ್ಕಿ ಇಡಲು ಬರುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಿನ್ನ ಸಿಟ್ಟು ಯಾಕೆಂದು ನನಗೆ ಗೊತ್ತಿಲ್ಲದ್ದೇನಲ್ಲ. ನಿನ್ನ ಕಿಡ್ನಿ ನನಗೆ ಹೊಂದುತ್ತದೆ ಎಂದು ಡಾಕ್ಟರು ಹೇಳಿದ ದಿನ ನೀನು ಪರೀಕ್ಷೆಯಲ್ಲಿ ಮೊದಲು ಬಂದವಳ ಹಾಗೆ ಕುಣಿದೆ. ನಾನು ಬೇಡ ಎಂದೆ. ನೀನು ಅತ್ತೆ, ನಾನು ಮತ್ತೆ ಬೇಡ ಎಂದೆ. ಅಮ್ಮ ಹೋದ ಮೇಲೆ ನಿನಗೆ ಜಡೆ ಹಾಕಿದವಳು ನಾನು, ನಿನ್ನ ಮೊದಲ ಸಂಬಳದ ದಿನ ನೀನು ನನಗೆಂದು ತಂದ ಸೀರೆಯನ್ನೂ ನಿನಗೇ ಉಡಿಸಿ ಕಳಿಸಿದವಳು ನಾನು. ಅಂಥವಳು ನಿನ್ನ ಮೈ ಕೊಯ್ಯಿಸಿ ಬದುಕುವುದೇ? ಹೀಗೆ ಏನೇನೋ ಆಡಿದೆ. 'ನಿನ್ನ ಹಠ ನೀನೇ ಇಟ್ಕೋ' ಎಂದು ನೀನು ಫೋನ್ ಕುಕ್ಕಿದೆ. ಸರಿ, ಇವತ್ತು ಆ ಮಾತು ಎತ್ತುವುದಿಲ್ಲ. ನಮ್ಮ ಚರ್ಚಿನ ಸುದ್ದಿ ಹೇಳುತ್ತೇನೆ, ಕೇಳು.

ಚರ್ಚಿನ ಹಿಂದೆ, ಮುರಿದ ಬೆಂಚುಗಳನ್ನು ಒಟ್ಟುತ್ತಿದ್ದ ಕೋಣೆಯಲ್ಲಿ ಈಗ ಬಟ್ಟೆ ಇಟ್ಟಿದ್ದೇವೆ. ಸಭೆಯವರು ತಂದು ಕೊಡುತ್ತಾರೆ, ಬೇಕಾದವರು ಬಂದು ಒಯ್ಯುತ್ತಾರೆ. ಅದರ ಯಜಮಾನಿಕೆ ನನ್ನದು. ದಾನಕ್ಕೆ ಬಂದ ಹಸುವಿನ ಹಲ್ಲು ಎಣಿಸಬಾರದು ಎನ್ನುತ್ತಾರಲ್ಲ, ನಾನು ಹಲ್ಲನ್ನೂ ಎಣಿಸುತ್ತೇನೆ, ಬಾಲವನ್ನೂ ಎಳೆದು ನೋಡುತ್ತೇನೆ. ನೋಡದೆ ಏನು ಮಾಡಲಿ? ಬರುವ ಅಂಗಿಗಳಲ್ಲಿ ಅರ್ಧಕ್ಕೆ ಗುಂಡಿಯೇ ಇರುವುದಿಲ್ಲ! ಬಿದ್ದುಹೋದದ್ದಲ್ಲ ಕಣೇ, ಕೊಡುವ ಮುಂಚೆ ಕತ್ತರಿ ಹಿಡಿದು ಒಂದೊಂದನ್ನೇ ಕತ್ತರಿಸಿ ತೆಗೆದದ್ದು. ಚಿನ್ನದ ಕನ್ನಡಕದ ಆಂಟಿ ನಿನಗೆ ನೆನಪಿರಬೇಕು, ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಒಂದು ಶ್ರುತಿ ಮೇಲೆ ಹಾಡುವವರು. ಅವರು ಗಂಡನ ಅಂಗಿಗಳನ್ನು ಇಸ್ತ್ರಿ ಮಾಡಿಸಿ ತಂದರು. ಬಿಡಿಸಿದರೆ ಒಂದರಲ್ಲೂ ಗುಂಡಿಯಿಲ್ಲ. ಕೇಳಿದೆ. 'ಗುಂಡಿ ಚೆನ್ನಾಗಿದ್ವು, ಬೇರೆ ಅಂಗಿಗೆ ಬರುತ್ತೆ ಅಂತ ತೆಗೆದೆ' ಎಂದರು. ನನ್ನ ನಾಲಿಗೆ ನಿನಗೆ ಗೊತ್ತಲ್ಲ. 'ಅಂಗಿ ಯೇಸುಸ್ವಾಮಿಗೆ, ಗುಂಡಿ ಯಜಮಾನರಿಗಾ?' ಎಂದುಬಿಟ್ಟೆ.

ಪಾದ್ರಿಗಳ ಕಿವಿಗೂ ಬಿತ್ತು. ಕೊಡುವವರನ್ನು ಓಡಿಸಬೇಡಮ್ಮ ಎಂದು ಮೆಲ್ಲಗೆ ಹೇಳಿದರು. ಓಡುವವರು ಓಡಲಿ ಎಂದೆ. ಕೊಡುವುದು ಎಂದರೆ ಮನೆ ಗುಡಿಸಿ ಕಸ ಹೊರಗೆ ಹಾಕುವ ಕೆಲಸವೇ? ತನ್ನ ಮಗುವಿಗೆ ತೊಡಿಸಲು ನಾಚುವಂಥದ್ದನ್ನು ದೇವರ ಹೆಸರಿನಲ್ಲಿ ಇನ್ನೊಬ್ಬರ ಮಗುವಿಗೆ ತೊಡಿಸಬಹುದೇ? ಭಾನುವಾರ ಒಂದು ಗಂಟೆ ಮಂಡಿಯೂರಿ ಉಳಿದ ದಿನ ಕೈ ಬಿಗಿ ಹಿಡಿದರೆ ನಮ್ಮ ಪ್ರಾರ್ಥನೆಗೆ ಅರ್ಥವೇನು? ಇದನ್ನೆಲ್ಲ ಅವರ ಮುಂದೆಯೇ ಹೇಳಿದೆ. ಅವರು ನಕ್ಕು, ಮುಂದಿನ ವಾರದ ಪ್ರಸಂಗ ನೀನೇ ಮಾಡು ಎಂದರು. ನನ್ನ ಮಾತು ಸರಿ ಎಂದು ಈಗಲೂ ಹೇಳುತ್ತೇನೆ, ಒಂದು ಅಕ್ಷರ ಹಿಂತೆಗೆದುಕೊಳ್ಳುವುದಿಲ್ಲ. ಆದರೆ ಅಷ್ಟು ಸರಿಯಿದ್ದ ನಾನೇ ಹೋದ ಭಾನುವಾರ ಎಡವಿ ಬಿದ್ದೆ.

ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವ ಹೆಂಗಸೊಬ್ಬಳಿದ್ದಾಳೆ, ಎಲ್ಲರೂ ಇಸ್ತ್ರಿಯಮ್ಮ ಎನ್ನುತ್ತಾರೆ. ಚಳಿ ಶುರುವಾದಾಗ ಗಂಡನಿಗೆ ಒಂದು ಕೋಟು ಒಯ್ದಿದ್ದಳು. ಆತ ಗೋದಾಮಿನ ಕಾವಲುಗಾರ, ಚಳಿಯಲ್ಲಿ ನಿಲ್ಲುವ ಕೆಲಸ. ಆ ಕೋಟಿಗೂ ಗುಂಡಿ ಇರಲಿಲ್ಲ. ನನ್ನ ಬಳಿ ಇದ್ದ ಕರಿಯದು, ಕಂದು, ದೊಡ್ಡದು, ಚಿಕ್ಕದು ಎಲ್ಲ ಸೇರಿಸಿ ಹೊಲಿದು ಕೊಟ್ಟಿದ್ದೆ. ಆರಾಧನೆ ಮುಗಿದ ಮೇಲೆ ಅವಳು ಬಟ್ಟೆ ಕೋಣೆಗೆ ಬಂದು ಒಂದು ಬಿಸ್ಕತ್ತಿನ ಡಬ್ಬಿ ನನ್ನ ಮುಂದಿಟ್ಟಳು. ತೆಗೆದರೆ ತುಂಬ ಗುಂಡಿಗಳು! ಒಗೆಯುವ ಮಿಷನ್ನಿನ ತಳದಲ್ಲಿ ಕಿತ್ತು ಬಿದ್ದ ಗುಂಡಿಗಳು ಉಳಿದಿರುತ್ತವಂತೆ, ಯಾವ ಅಂಗಿಯವೋ ಗೊತ್ತಾಗುವುದಿಲ್ಲ, ಮಾಲೀಕರು ಎಸೆದುಬಿಡು ಎನ್ನುತ್ತಾರಂತೆ. ಅವರನ್ನು ಕೇಳಿ, ಆರಿಸಿ, ತೊಳೆದು, ಅಳತೆಗೆ ತಕ್ಕ ಹಾಗೆ, ಬಣ್ಣಕ್ಕೆ ತಕ್ಕ ಹಾಗೆ ದಾರದಲ್ಲಿ ಪೋಣಿಸಿ ತಂದಿದ್ದಳು. ಅಷ್ಟು ಓರಣವಾಗಿ ನನ್ನ ಹೊಲಿಗೆ ಪೆಟ್ಟಿಗೆಯೂ ಇಲ್ಲ.

ನಾನು ಏನು ಮಾಡಿದೆ ಹೇಳು? ಅಭ್ಯಾಸಬಲ. 'ಅಯ್ಯೋ, ಇದೆಲ್ಲ ಯಾಕಮ್ಮ, ನಿಮಗೇ ಇರಲಿ, ಮಾರಿದ್ರೆ ಮಕ್ಕಳ ಹಾಲಿಗಾದರೂ ಆಗುತ್ತೆ' ಎಂದು ಡಬ್ಬಿಯನ್ನು ಅವಳ ಕಡೆಗೇ ತಳ್ಳಿದೆ. ಒಳ್ಳೆಯ ಮಾತೇ ಆಡಿದೆನೆಂದು ಮುಗುಳ್ನಕ್ಕೆ ಬೇರೆ. ಅವಳ ಮುಖ ಸಣ್ಣದಾಯಿತು. 'ನಮ್ಮ ಕೈ ಇರೋದು ಬರೀ ಚಾಚೋಕೇನಾ ಅಕ್ಕ?' ಎಂದಳು. ಸಿಟ್ಟಿನಿಂದಲ್ಲ. ಸಿಟ್ಟಿನಿಂದ ಅಂದಿದ್ದರೆ ನಾನೂ ನಾಲ್ಕು ಮಾತಾಡಿ ಗೆದ್ದುಬಿಡುತ್ತಿದ್ದೆ. ಅವಳು ನಿಜವಾಗಿಯೂ ಕೇಳಿದ್ದಳು, ಉತ್ತರಕ್ಕಾಗಿ ಕಾದಿದ್ದಳು.

ಡಬ್ಬಿಯನ್ನು ಎರಡು ಕೈಯಲ್ಲೂ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ, ತಪ್ಪಾಯಿತಮ್ಮ ಎಂದೆ. ಅವಳು ಪಕ್ಕದ ಸ್ಟೂಲ್ ಎಳೆದುಕೊಂಡು ಕೂತು ಸೂಜಿಗೆ ದಾರ ಪೋಣಿಸಿದಳು. ಮಧ್ಯಾಹ್ನದವರೆಗೆ ಇಬ್ಬರೂ ಚಿನ್ನದ ಕನ್ನಡಕದವರ ಅಂಗಿಗಳಿಗೆ ಗುಂಡಿ ಹೊಲಿದೆವು, ಅವರ ಹಾಡನ್ನು ಅಣಕಿಸಿ ನಕ್ಕೆವು. ದೇವರು ಕ್ಷಮಿಸಲಿ, ಬಹಳ ಚೆನ್ನಾಗಿತ್ತು.

ಮನೆಗೆ ಬಂದ ಮೇಲೆ ಅವಳ ಮಾತು ನನ್ನನ್ನು ಬಿಡಲಿಲ್ಲ. ಕೊಡುವುದು ನನಗೆ ಬಾಯಿಪಾಠ. ಇಷ್ಟು ವರ್ಷ ಅದನ್ನೇ ಭಕ್ತಿ ಎಂದುಕೊಂಡೆ. ನಿಜ ಹೇಳಬೇಕೆಂದರೆ, ಕೊಡುವವಳು ಯಾವಾಗಲೂ ಒಂದು ಮೆಟ್ಟಿಲು ಮೇಲೆ ನಿಂತಿರುತ್ತಾಳೆ, ಅಲ್ಲಿಂದ ಇಳಿಯಲು ನನಗೆ ಮನಸ್ಸಿರಲಿಲ್ಲ. ನಮ್ಮ ವಿಶ್ವಾಸ ಶುರುವಾಗುವುದೇ ತೆಗೆದುಕೊಳ್ಳುವುದರಿಂದ ಅಲ್ಲವೇ? ಮೊದಲು ಕೊಟ್ಟವನು ಆ ದೇವರು. ಆ ಕೃಪೆಗೆ ನಾನೇನು ಬೆಲೆ ಕೊಟ್ಟಿದ್ದೆ? ಅವನ ಮುಂದೆ ಕೈಯೊಡ್ಡಲು ನಾಚದವಳು ಮನುಷ್ಯರ ಮುಂದೆ ಕೈ ಹಿಂದಕ್ಕೆ ಕಟ್ಟಿಕೊಂಡರೆ ಅದು ದೊಡ್ಡ ಗುಣವಲ್ಲ, ಜಂಬ. ಇನ್ನೊಬ್ಬರಿಗೂ ಕೊಡುವ ಸಂತೋಷ ಬೇಕಲ್ಲ, ಅದನ್ನೂ ನಾನೊಬ್ಬಳೇ ಗಂಟು ಕಟ್ಟಿ ಇಟ್ಟುಕೊಂಡಿದ್ದೆ. ಇದನ್ನು ನಿನ್ನ ಭಾವನಿಗೆ ಹೇಳಿದರೆ, 'ಪಾದ್ರಿಗಳು ವರ್ಷಾನುಗಟ್ಟಲೆ ಹೇಳಿದ್ದು ಇಸ್ತ್ರಿಯಮ್ಮನ ಬಾಯಲ್ಲಿ ಅರ್ಥವಾಯ್ತಾ?' ಎಂದು ನಗುತ್ತಾರೆ. ನಗಲಿ, ಮೊದಲು ಆ ನಲ್ಲಿ ಸರಿಮಾಡಲಿ.

ನಿಮ್ಮವರಿಗೆ ನನ್ನ ವಂದನೆ, ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು. ದೇವರು ನಿಮ್ಮ ಮನೆಯನ್ನು ತನ್ನ ರೆಕ್ಕೆಯ ಕೆಳಗೆ ಬೆಚ್ಚಗೆ ಇಟ್ಟಿರಲಿ.

ನಿನ್ನ ಬಾಯಿಬಡುಕಿ,
ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮುಗಿಸಿದ್ದೆ. ನಿನ್ನ ಭಾವ ಈಗ ಬಂದವರೇ 'ಅದನ್ನ ಬರೆದ್ಯಾ?' ಎಂದು ಕೇಳಿದರು. ಬರೆದಿರಲಿಲ್ಲ, ಲಕೋಟೆ ಮತ್ತೆ ಬಿಚ್ಚಿದೆ. ಇಷ್ಟುದ್ದ ಬರೆದೆ, ಅದೊಂದನ್ನು ಬರೆಯಲು ಕೈ ಬರಲಿಲ್ಲ. ಅಂಚೆಗೆ ಹೊತ್ತಾಯಿತು, ಬೇಗ ಹೇಳುತ್ತೇನೆ. ನಿನ್ನೆ ಡಾಕ್ಟರಿಗೆ ಹೂಂ ಎಂದು ಹೇಳಿ ಬಂದೆ. ನಿನಗೆ ಶಾಲೆಯ ರಜೆ ಸಿಕ್ಕ ಕೂಡಲೇ ಆಪರೇಷನ್ ಮಾಡೋಣ ಎಂದಿದ್ದಾರೆ. ನಿನ್ನ ಮನಸ್ಸು ಬದಲಾಗಿದ್ದರೆ ಸಂಕೋಚವಿಲ್ಲದೆ ಹೇಳು, ನಿನ್ನ ಮೇಲಿನ ಪ್ರೀತಿ ಒಂದು ಚೂರೂ ಕಡಿಮೆಯಾಗುವುದಿಲ್ಲ. ಬದಲಾಗಿಲ್ಲದಿದ್ದರೆ ಕೊಡು, ತೆಗೆದುಕೊಳ್ಳುತ್ತೇನೆ. ನಿನ್ನ ಭಾವನಿಗಾಗಿ, ಪುಟ್ಟಿಗಾಗಿ ಎಂದು ಏನಾದರೂ ನೆಪ ಬರೆಯಬಹುದಿತ್ತು. ನೆಪ ಬೇಡ. ನನಗೇ ಇನ್ನೂ ಬದುಕಬೇಕು ಅನ್ನಿಸುತ್ತದೆ ಕಣೇ.