ಬಾವು ಇಳಿಸಲು ಎತ್ತಿದ ಕೈಗೆ ನೋಟಿಸು

ಮಾನ್ಯ ಆಡಳಿತಾಧಿಕಾರಿಗಳೇ,

ಪೀಠಿಕೆ ಬೇಡ. ಕೊಡುತ್ತೇವೆಂದು ನೀವು ಹೇಳಿದ್ದು ಒಂದು ವ್ಯಾಯಾಮದ ಕೋಣೆ; ಕೊಟ್ಟದ್ದು ಅದರ ಬಾಗಿಲಿಗೆ ಬೀಗ. ಹೇಳಿದ್ದು ತರಬೇತಿ ಪಡೆದ ಫಿಸಿಯೋಥೆರಪಿಸ್ಟ್; ಕೊಟ್ಟದ್ದು ಗೋಡೆಗೆ ಅಂಟಿಸಿದ ಬಣ್ಣದ ಚಿತ್ರಪಟ, ಅದರಲ್ಲಿ ನಗುತ್ತ ಕೈಯೆತ್ತಿದ ಹೆಂಗಸಿಗೆ ಎರಡೂ ತೋಳು ಒಂದೇ ದಪ್ಪ. ಹೇಳಿದ್ದು ಬಾತ ತೋಳನ್ನು ಒತ್ತಿಹಿಡಿಯಲು ಅವರವರ ಅಳತೆಗೆ ತಕ್ಕ ಎಲಾಸ್ಟಿಕ್ ಸ್ಲೀವ್. ಕೊಟ್ಟದ್ದು ಎಲ್ಲರಿಗೂ ಒಂದೇ ಸೈಜು, ಜೊತೆಗೆ "ಹೆಂಗೋ ಹೊಂದಿಸ್ಕೊಳ್ಳಿ" ಎಂಬ ಉಪದೇಶ. ಹೇಳಿದ್ದು ಮನೆಗೆ ಕಳಿಸುವ ಮುನ್ನ ತಿಳಿವಳಿಕೆ. ಕೊಟ್ಟದ್ದು "ಕೈಗೆ ರೆಸ್ಟ್ ಕೊಡಿ" ಎಂಬ ಒಂದೇ ಮಾತು, ಅದೂ ತಪ್ಪು. ನಾವು ಕೇಳದೆಯೇ ಕೊಟ್ಟದ್ದು ಒಂದಿದೆ: ಕಳೆದ ತಿಂಗಳು ನಮ್ಮ ಮೇಲೆ ಹೊರಡಿಸಿದ ನೋಟಿಸು.

ನಾನು ಬಸ್ ಕಂಡಕ್ಟರ್. ನನ್ನ ಮುಖ ನಿಮಗೆ ಗೊತ್ತು. ನಿಮ್ಮ ಆಸ್ಪತ್ರೆಯ ಮುಖ್ಯದ್ವಾರದ ಪಕ್ಕ ದೊಡ್ಡ ಫಲಕವಿದೆಯಲ್ಲ, 'ಸ್ತನ ಕ್ಯಾನ್ಸರ್ ಗೆದ್ದ ಧೀರೆಯರು' ಎಂಬ ತಲೆಬರಹದ್ದು, ಅದರಲ್ಲಿ ಅಂಚಿಗೆ ನಿಂತು ಹಲ್ಲು ಬಿಡುತ್ತಿರುವವಳು ನಾನೇ. ಆ ಫೋಟೋ ತೆಗೆದ ದಿನ ನನ್ನ ಎಡಗೈ ಬಾತು ದಿಂಬಾಗಿತ್ತು. ನಿಮ್ಮ ಫೋಟೋಗ್ರಾಫರ್ ಜಾಣ, ಭುಜದ ಕೆಳಗೆ ಕತ್ತರಿಸಿಬಿಟ್ಟ. ನೀವು ಮಾಡಿದ್ದೂ ಅದನ್ನೇ ಅಲ್ಲವೇ? ಪ್ರಚಾರಕ್ಕೆ ಮುಖ ಬೇಕು, ಕೈ ಬೇಡ.

ಈ ಪತ್ರ ಓದುವ ಸಾರ್ವಜನಿಕರಿಗಾಗಿ ಒಂದಿಷ್ಟು ವಿವರಣೆ; ನಿಮಗೂ ಉಪಯೋಗಕ್ಕೆ ಬಂದೀತು. ಸ್ತನದ ಗಡ್ಡೆ ತೆಗೆಯುವಾಗ ಎಷ್ಟೋ ಸಲ ಕಂಕುಳಿನ ಗ್ರಂಥಿಗಳನ್ನೂ ತೆಗೆಯುತ್ತಾರೆ, ಆಮೇಲೆ ಆ ಜಾಗಕ್ಕೆ ವಿಕಿರಣ ಕೊಡುತ್ತಾರೆ. ಜೀವ ಉಳಿಯಲು ಅದು ಬೇಕಿತ್ತು, ನನಗೆ ತಕರಾರಿಲ್ಲ. ಆದರೆ ಕೈಯಲ್ಲಿ ಹರಿಯುವ ದುಗ್ಧರಸ ಎಂಬ ನೀರಿನಂಥ ದ್ರವ ವಾಪಸ್ಸು ಹೋಗುವ ದಾರಿ ಆ ಗ್ರಂಥಿಗಳ ಮೂಲಕವೇ. ಬಸ್ ನಿಲ್ದಾಣದ ಹೊರಹೋಗುವ ಗೇಟು ಮುಚ್ಚಿ, ಒಳಬರುವ ಗೇಟು ತೆರೆದಿಟ್ಟರೆ ಏನಾಗುತ್ತದೆ ಎಂದು ಯಾವ ಕಂಡಕ್ಟರನ್ನು ಕೇಳಿದರೂ ಹೇಳುತ್ತಾನೆ. ಕೆಲವರ ಕೈಗೆ ಆಗುವುದೂ ಅದೇ. ಬೆರಳು ಮಡಚಲಾಗದು, ಬಳೆ ಏರದು, ತೋಳು ಕಲ್ಲಿನಷ್ಟು ಭಾರ. ಇದಕ್ಕೆ ಲಿಂಫೆಡೀಮಾ ಎನ್ನುತ್ತಾರೆ. ಒಮ್ಮೆ ಬಂದರೆ ಪೂರ್ತಿ ವಾಸಿಯಾಗುವುದು ಕಷ್ಟ; ಆದರೆ ಹದ್ದುಬಸ್ತಿನಲ್ಲಿ ಇಡಬಹುದು. ಅಳತೆಗೆ ಸರಿಯಾದ ಸ್ಲೀವ್ ಹಾಕಿ ಕೈ ಆಡಿಸಿದರೆ ಸ್ನಾಯುಗಳೇ ಆ ದ್ರವವನ್ನು ತಳ್ಳುತ್ತವೆ, ತುಂಬಿದ ಬಸ್ಸಿನಲ್ಲಿ ನಾನು "ಮುಂದೆ ಹೋಗಿ, ಮುಂದೆ ಜಾಗ ಇದೆ" ಎಂದು ಜನರನ್ನು ತಳ್ಳುವ ಹಾಗೆ.

ಇದನ್ನು ನನಗೆ ಮೊದಲೇ ಯಾರೂ ಹೇಳಲಿಲ್ಲ. ಡಿಸ್ಚಾರ್ಜ್ ದಿನ ರೌಂಡ್ಸ್‌ಗೆ ಬಂದ ಡಾಕ್ಟರು ತಲೆ ಎತ್ತದೆ "ಆ ಕೈಗೆ ರೆಸ್ಟ್ ಕೊಡಿ" ಎಂದರು. ನಾನು ಮಾತು ಕೇಳುವ ಹೆಂಗಸಲ್ಲ, ಆದರೆ ಜೀವಭಯ ಯಾರನ್ನು ಬಿಟ್ಟಿದೆ? ತಿಂಗಳುಗಟ್ಟಲೆ ಎಡಗೈಯನ್ನು ಹೊಟ್ಟೆಗೆ ಒತ್ತಿ ಹಿಡಿದು ಮನೆಯೆಲ್ಲ ಓಡಾಡಿದೆ. ನನ್ನ ಗಂಡ, "ಅದನ್ನೇನು ಹಸುಗೂಸಿನ ಥರ ಎತ್ಕೊಂಡು ತಿರುಗ್ತೀಯೆ, ತೊಟ್ಟಿಲು ತರ್ಲಾ?" ಎಂದು ರೇಗಿಸುತ್ತಿದ್ದ. ನಗುತ್ತಿದ್ದೆವು. ಒಂದು ಬೆಳಿಗ್ಗೆ ತಲೆ ಬಾಚಲು ಕೈಯೆತ್ತಿದರೆ ಭುಜ ಮೇಲೇಳಲಿಲ್ಲ. ಆಮೇಲೆ ಅವನೇ ನನ್ನ ತಲೆ ಬಾಚಿದ. ಅವತ್ತು ಇಬ್ಬರೂ ನಗಲಿಲ್ಲ. ಬಸ್ಸಿನಲ್ಲಿ ಮೇಲಿನ ಕಂಬಿ ಹಿಡಿಯಲಾರದ ಕಂಡಕ್ಟರನ್ನು ಇಟ್ಟುಕೊಂಡು ಏನು ಮಾಡುತ್ತಾರೆ? ಡಿಪೋದ ಮೂಲೆಯಲ್ಲಿ ಕುರ್ಚಿ ಹಾಕಿ ಕೂರಿಸಿದರು.

ಆಗ ನಿಮ್ಮ ಆಸ್ಪತ್ರೆಯಲ್ಲೇ ಸಿಕ್ಕಿದ್ದು ಆ ವ್ಯಾಯಾಮದ ಕೋಣೆ, ಅಲ್ಲಿ ಗುತ್ತಿಗೆಯ ಮೇಲಿದ್ದ ಫಿಸಿಯೋ ಮೇಡಂ. ವಿಕಿರಣ ವಿಭಾಗದ ಎದುರಿನ ಸಣ್ಣ ಕೋಣೆ. ಒಂದು ಕನ್ನಡಿ, ನಾಲ್ಕು ಚಾಪೆ, ಬಾಗಿಲಿಗೆ ಒಳಗಿನಿಂದ ಚಿಲಕ. ಚಿಲಕ ಎಂದಾಗ ನೀವು ಮುಂದೆ ಓದಿಬಿಡಬೇಡಿ, ಅಲ್ಲೇ ನಿಲ್ಲಿ. ಒಂದು ಕಡೆಯ ಎದೆ ಇಲ್ಲದ ಹೆಂಗಸು ಅಂಗಿ ಬಿಚ್ಚಿ ಕನ್ನಡಿಯಲ್ಲಿ ತನ್ನನ್ನು ತಾನು ನೋಡಿಕೊಳ್ಳಬೇಕಾದರೆ ಮೊದಲು ಬೇಕಾದದ್ದು ಆ ಚಿಲಕ.

ಮೇಡಂ ಮೊದಲ ದಿನವೇ ಬೈದರು. "ಯಾರ್ರೀ ಹೇಳಿದ್ದು ಸುಮ್ನೆ ಇಡಿ ಅಂತ? ಇದೇನು ಗಾಜಿನ ಕೈನಾ? ಹಾಗಂತ ಇವತ್ತೇ ಕುಸ್ತಿಗೆ ಇಳೀಬೇಡಿ." ಹೊಟ್ಟೆಯಿಂದ ಉಸಿರೆಳೆಯುವುದನ್ನು ಕಲಿಸಿದರು. ಭುಜ ತಿರುಗಿಸುವುದು, ಬೆರಳುಗಳಿಂದ ಗೋಡೆ ಹತ್ತುವುದು, ಕೈಯನ್ನು ಎದೆಯ ಮಟ್ಟಕ್ಕಿಂತ ಮೇಲೆತ್ತಿ ಮುಷ್ಟಿ ಬಿಗಿದು ಬಿಡುವುದು, ಭಾರ ಎತ್ತುವುದನ್ನು ನಿಧಾನಕ್ಕೆ ಹೆಚ್ಚಿಸುವುದು, ಸುಸ್ತಾಗುವ ಮೊದಲೇ ನಿಲ್ಲಿಸುವುದು. ಕೈ ತೊಳೆದು ಬೆರಳಸಂದಿ ಒರೆಸಿ ಕ್ರೀಮು ಹಚ್ಚಿ ಎಂದರು. ಪಾತ್ರೆ ಉಜ್ಜುವಾಗ ಗ್ಲೌಸು ಹಾಕಿ, ಟಿಕೆಟ್ ಬ್ಯಾಗಿನ ಪಟ್ಟಿ ಬಲಭುಜಕ್ಕೆ ಬದಲಾಯಿಸಿ ಎಂದರು. ಎಲ್ಲಕ್ಕಿಂತ ಮುಖ್ಯವಾಗಿ, "ಕೈ ಕೆಂಪಾಗಿ ಬಿಸಿಯಾಗಿ ಜ್ವರ ಬಂದ್ರೆ ಮನೆಮದ್ದು ಮಾಡ್ತಾ ಕೂರಬೇಡಿ, ಅವತ್ತೇ ಓಡಿ ಬನ್ನಿ" ಎಂದರು. ಬಾವು ಇಳಿಯಿತು. ಪೂರ್ತಿ ಹೋಗಲಿಲ್ಲ, ಆದರೆ ನನ್ನ ಮಾತು ಕೇಳುವ ಮಟ್ಟಕ್ಕೆ ಬಂತು. ನಾನು ಮತ್ತೆ ಕಂಬಿ ಹಿಡಿದೆ.

ಆಮೇಲೆ ಅದಕ್ಕೂ ನೀವು ಕೈ ಹಾಕಿದಿರಿ. ಮೇಡಂ ಅವರ ಗುತ್ತಿಗೆ ಮುಗಿಯಿತು ಎಂದಿರಿ, ಮುಂದುವರಿಸಲಿಲ್ಲ. ಕೋಣೆಯ ಚಾಪೆಗಳು ಹೊರಬಂದವು, ಸೋಫಾ ಒಳಹೋಯಿತು. ಬಾಗಿಲಿಗೆ 'ಗಣ್ಯರ ವಿಶ್ರಾಂತಿ ಕೊಠಡಿ' ಎಂಬ ಹಿತ್ತಾಳೆ ಫಲಕ ಬಂತು. ಗಣ್ಯರು ಮಾತ್ರ ಇನ್ನೂ ಬಂದಿಲ್ಲ. ಕಿಟಕಿಯಿಂದ ಇಣುಕಿದರೆ ಸೋಫಾದ ಮೇಲಿನ ಪ್ಲಾಸ್ಟಿಕ್ ಹೊದಿಕೆಯೂ ಹಾಗೇ ಇದೆ. ಸ್ವಾಮಿ, ಯಾವ ದೊಡ್ಡಮನುಷ್ಯನಿಗೆ ಅಷ್ಟೊಂದು ಆಯಾಸವಾಗಿದೆ?

ಇದನ್ನೇ ಕೇಳಲು ನಿಮ್ಮ ಕಚೇರಿಗೆ ಬಂದಿದ್ದೆ. ನೆನಪಿದೆಯೇ? ನೀವು ಕನ್ನಡಕ ಒರೆಸುತ್ತಿದ್ದಿರಿ. "ನೋಡಮ್ಮಾ, ಜೀವ ಉಳಿದಿದೆಯಲ್ಲ, ಕೈ ಸ್ವಲ್ಪ ದಪ್ಪ ಆದ್ರೆ ಏನೀಗ? ಈ ವಯಸ್ಸಲ್ಲಿ ಚೆಂದ ನೋಡೋರು ಯಾರು?" ಎಂದಿರಿ. ವ್ಯಾಯಾಮದ ಮಾತೆತ್ತಿದರೆ, "ಎಲ್ಲಾ ಮೊಬೈಲಲ್ಲಿ ಬರುತ್ತೆ, ನೋಡ್ಕೊಂಡು ಮಾಡಿ" ಎಂದಿರಿ.

ಚೆಂದ! ನಿಮ್ಮ ಮುಂದೆ ಸೌಂದರ್ಯ ಸ್ಪರ್ಧೆಗೆ ಅರ್ಜಿ ಹಾಕಲು ಬಂದಿದ್ದೆನೇ? ಅನ್ನ ಕಲಸಿ ಬಾಯಿಗಿಡುವ ಕೈ, ಮಗುವನ್ನು ಎತ್ತುವ ಕೈ, ಚಿಲ್ಲರೆ ಎಣಿಸುವ ಕೈ ಕುರಿತು ಮಾತಾಡಲು ಬಂದಿದ್ದೆ. ನಿಮ್ಮ ಸಹಿ ಮಾಡುವ ಕೈ ಹೀಗೆ ಬಾತಿದ್ದರೆ ಆ ಕೋಣೆಗೆ ಎಷ್ಟು ಬೇಗ ಚಾಪೆ ವಾಪಸ್ಸು ಬರುತ್ತಿತ್ತು? ಇನ್ನು ಮೊಬೈಲು. ನೀವು ಹೇಳಿದಿರಲ್ಲ ಎಂದು ನೋಡಿದೆ. ತೊಡೆಯಷ್ಟು ತೋಳಿನ ಗಂಡಸೊಬ್ಬ ಕಬ್ಬಿಣದ ಗುಂಡು ಎತ್ತುತ್ತ "ಇನ್ನೂ! ಇನ್ನೂ!" ಎಂದು ಕಿರುಚುತ್ತಿದ್ದ. ನನ್ನ ಭುಜದ ಮೇಲೆ ಕೈಯಿಟ್ಟು "ಸಾಕು, ಇವತ್ತಿಗೆ ಇಷ್ಟು ಸಾಕು" ಎನ್ನಲು ಆ ಮೊಬೈಲಿಗೆ ಬರುತ್ತದೆಯೇ?

ಬರುವುದಿಲ್ಲ ಎಂಬುದಕ್ಕೆ ಟೈಲರಕ್ಕ ಸಾಕ್ಷಿ. ನಿಮ್ಮಲ್ಲೇ ಆಪರೇಷನ್ ಆದವಳು, ಬಟ್ಟೆ ಹೊಲಿಯುವವಳು, ಕೋಣೆಗೆ ಬೀಗ ಬಿದ್ದ ಮೇಲೆ ಡಿಸ್ಚಾರ್ಜ್ ಆದವಳು. ಅವಳಿಗೆ ಮೇಡಂ ಸಿಗಲಿಲ್ಲ, ಚಿತ್ರಪಟ ಸಿಕ್ಕಿತು. ಕೊಟ್ಟ ಸ್ಲೀವ್ ಬಿಗಿಯಾಗಿ ಮೇಲ್ತುದಿ ಸುರುಳಿ ಸುತ್ತಿ ಹಗ್ಗದಂತೆ ತೋಳು ಹಿಂಡಿತು. ಒಂದು ದಿನ ಹೊಲಿಯುವಾಗ ಅದೇ ಕೈಯ ಬೆರಳಿಗೆ ಸೂಜಿ ಚುಚ್ಚಿತು. ಟೈಲರ್‌ಗೆ ಸೂಜಿ ಚುಚ್ಚುವುದು ಸುದ್ದಿಯೇ? ಬೆರಳು ಚೀಪಿ ಹೊಲಿಗೆ ಮುಂದುವರಿಸಿದಳು. ಬಾತ ಕೈಗೆ ಸಣ್ಣ ಗಾಯದಿಂದಲೂ ಬೇಗ ಸೋಂಕು ಏರುತ್ತದೆ; ಮರುದಿನ ಕೈ ಕೆಂಪಾಯಿತು. ಅವಳು ಬಿಸಿನೀರಿನ ಶಾಖ ಕೊಟ್ಟಳು. ಯಾರಾದರೂ ಒಂದು ಮಾತು ಹೇಳಿದ್ದರೆ ಅವಳು ಶಾಖ ಕೊಡುತ್ತಿರಲಿಲ್ಲ, ಅವತ್ತೇ ಓಡಿಬರುತ್ತಿದ್ದಳು. ಚಳಿಜ್ವರದಲ್ಲಿ ಪ್ರಜ್ಞೆ ತಪ್ಪುವ ಸ್ಥಿತಿಯಲ್ಲಿ ಅವಳನ್ನು ನಿಮ್ಮ ವಾರ್ಡಿಗೇ ತಂದರು. ನಿಮ್ಮ ವಾರ್ಡಿನ ನರ್ಸುಗಳು ಬದುಕಿಸಿದರು, ಆ ಪುಣ್ಯಾತ್ಗಿತ್ತಿಯರಿಗೆ ನಮಸ್ಕಾರ. ಈಗ ಅವಳು ತನ್ನ ಅಂಗಿಯ ಎರಡು ತೋಳುಗಳನ್ನು ಎರಡು ಅಳತೆಗೆ ಕತ್ತರಿಸುತ್ತಾಳೆ.

ಅವಳು ವಾರ್ಡಿನಿಂದ ಹೊರಬಂದ ಮೇಲೆ ನಾವೊಂದಿಷ್ಟು ಮಂದಿ ತೀರ್ಮಾನಿಸಿದೆವು: ಕೋಣೆ ಇಲ್ಲದಿದ್ದರೆ ಮೆಟ್ಟಿಲಿದೆ. ಕೆಟ್ಟು ನಿಂತ ಲಿಫ್ಟಿನ ಎದುರು, ಮೆಟ್ಟಿಲ ತಿರುವಿನ ಜಾಗದಲ್ಲಿ, ಮಧ್ಯಾಹ್ನ ಓಡಾಟ ಕಡಿಮೆಯಾದ ಹೊತ್ತಿನಲ್ಲಿ ಸೇರತೊಡಗಿದೆವು. ಮೇಡಂ ಹೇಳಿಕೊಟ್ಟದ್ದಷ್ಟನ್ನೇ ಮಾಡುತ್ತಿದ್ದೆವು. ಕೂಗುವ ಕೆಲಸ ನನ್ನದು. ಇಲ್ಲೊಂದು ಎಡವಟ್ಟಾಯಿತು. ನಾನು ಇಪ್ಪತ್ತು ವರ್ಷ ಕಾರ್ಮಿಕ ಸಂಘದ ಮೆರವಣಿಗೆಗಳಲ್ಲಿ ಘೋಷಣೆ ಕೂಗಿಸಿದವಳು. ಮೆಲ್ಲಗೆ ಎಣಿಸುವುದು ನನ್ನ ಗಂಟಲಿಗೆ ಗೊತ್ತೇ ಇಲ್ಲ. "ಕೈ ಎತ್ತು!" ಎಂದೆ. "ಎತ್ತಿದ್ವಿ!" ಎಂದು ಹೆಂಗಸರು ಕೂಗಿದರು. "ಮುಷ್ಟಿ!" "ಬಿಗಿದ್ವಿ!" "ಬಿಡು!" "ಬಿಟ್ವಿ!" ಮೆಟ್ಟಿಲ ಗೋಡೆಗಳು ಗುಡುಗಿದವು. ಟೈಲರಕ್ಕ ಆಪರೇಷನ್ ಆದಮೇಲೆ ಮೊದಲ ಸಲ ಗಟ್ಟಿಯಾಗಿ ನಕ್ಕದ್ದು ಅವತ್ತೇ.

ಕೆಳಗಿನಿಂದ ನಿಮ್ಮ ಸೆಕ್ಯುರಿಟಿಯವನು ಲಾಠಿ ಹಿಡಿದು ಓಡಿಬಂದ. "ಏನ್ರಮ್ಮಾ ಇದು, ಸ್ಟ್ರೈಕಾ?"

"ಅಲ್ಲಪ್ಪಾ, ವ್ಯಾಯಾಮ."

"ಯಾವ ಸಂಘ ನಿಮ್ದು?"

"ಊದಿದ ಕೈ ಸಂಘ" ಎಂದಳು ಟೈಲರಕ್ಕ.

"ಹಂಗಾದ್ರೆ ಮುಷ್ಟಿ ಯಾಕೆ ಎತ್ತಿದ್ದೀರಿ?"

"ನೀರು ಇಳಿಯೋಕೆ."

"ಯಾವ ನೀರು? ಬೆಳಿಗ್ಗೆಯಿಂದ ಟ್ಯಾಂಕೇ ಖಾಲಿ!" ಎಂದವನೇ ವಾಕಿಟಾಕಿ ತೆಗೆದ. "ಸಾರ್, ಹೆಂಗಸ್ರು ಮುಷ್ಟಿ ಎತ್ಕೊಂಡು ಕೂಗ್ತಿದ್ದಾರೆ ಸಾರ್. ಡಿಮ್ಯಾಂಡಾ? ಡಿಮ್ಯಾಂಡ್ ಏನೂ ಹೇಳ್ತಿಲ್ಲ ಸಾರ್, ಬರೀ ಎತ್ತು, ಬಿಡು ಅಂತಿದ್ದಾರೆ."

ಅವನ ಮೇಲೆ ನನಗೆ ಕೋಪವಿಲ್ಲ. ಅವನು ಕಂಡದ್ದನ್ನು ಹೇಳಿದ. ಕೋಪ ಇರುವುದು ನಿಮ್ಮ ಮೇಲೆ. ಒಂದು ಮಹಡಿ ಇಳಿದು ಬಂದು ನೋಡುವಷ್ಟು ಪುರುಸೊತ್ತು ನಿಮಗಿರಲಿಲ್ಲ; ನೋಟಿಸು ಟೈಪು ಮಾಡಿಸುವ ಪುರುಸೊತ್ತು ಇತ್ತು. 'ಆವರಣದಲ್ಲಿ ಅನುಮತಿಯಿಲ್ಲದೆ ಗುಂಪುಗೂಡಿ, ಮುಷ್ಟಿ ಪ್ರದರ್ಶಿಸಿ, ಘೋಷಣೆ ಕೂಗಿ, ರೋಗಿಗಳಿಗೆ ತೊಂದರೆ ಉಂಟುಮಾಡಿರುತ್ತೀರಿ. ಪುನರಾವರ್ತನೆಯಾದಲ್ಲಿ ಹೊರರೋಗಿ ಚೀಟಿ ರದ್ದುಪಡಿಸಲಾಗುವುದು.' ರೋಗಿಗಳಿಗೆ ತೊಂದರೆಯೇ? ಯಾವ ರೋಗಿಗಳಿಗೆ ಸ್ವಾಮಿ? ಅಲ್ಲಿದ್ದ ರೋಗಿಗಳು ನಾವೇ! ನಿಮ್ಮದೇ ಚಿತ್ರಪಟದ ಹೆಂಗಸು ಗೋಡೆಯ ಮೇಲೆ ಹಗಲೂ ರಾತ್ರಿ ಕೈಯೆತ್ತಿ ನಿಂತಿದ್ದಾಳಲ್ಲ, ಅವಳಿಗೂ ನೋಟಿಸು ಕೊಟ್ಟಿದ್ದೀರಾ?

ಆ ನೋಟಿಸು ನನಗೆ ಹೆದರಿಕೆ ಹುಟ್ಟಿಸಲಿಲ್ಲ. ಇಂಥವನ್ನು ಬಹಳ ಕಂಡಿದ್ದೇನೆ. ಆದರೆ ಟೈಲರಕ್ಕ ಹೆದರಿದಳು. ಅವಳ ಚಿಕಿತ್ಸೆ ಇನ್ನೂ ಮುಗಿದಿಲ್ಲ. "ಅಕ್ಕಾ, ನಾನಿನ್ನು ಬರಲ್ಲ. ಚೀಟಿ ಹೋದ್ರೆ ನನ್ನ ಕತೆ ಮುಗೀತು" ಎಂದು ಮನೆ ಸೇರಿದಳು. ಮೊನ್ನೆ ನೋಡಲು ಹೋಗಿದ್ದೆ. ಬಾವು ಮತ್ತೆ ಏರಿದೆ, ಕೈಯ ಚರ್ಮ ಗಟ್ಟಿಯಾಗತೊಡಗಿದೆ. ಹೊಲಿಗೆ ಯಂತ್ರಕ್ಕೆ ಬಟ್ಟೆ ಮುಚ್ಚಿಟ್ಟಿದ್ದಾಳೆ. ಬಂದರೆ ಚೀಟಿ ಹೋಗುತ್ತದೆ, ಬರದಿದ್ದರೆ ಕೈ ಹೋಗುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಕ್ಯಾನ್ಸರ್ ಕೂಡ ಅವಳಿಗೆ ಹೇಳಿರಲಿಲ್ಲ. ಹೇಳಿದವರು ನೀವು.

ಆದ್ದರಿಂದ ಕೇಳಿ. ಆ ನೋಟಿಸನ್ನು ಬರವಣಿಗೆಯಲ್ಲಿ ವಾಪಸ್ಸು ಪಡೆಯಬೇಕು, ಅದೂ ಒಬ್ಬೊಬ್ಬರ ಹೆಸರಿಗೆ. ಸೋಫಾ ಎತ್ತಿಸಿ ಚಾಪೆ ಹಾಸಬೇಕು, ಒಳಗಿನ ಚಿಲಕ ಸರಿಯಿದೆಯೇ ಎಂದು ನೀವೇ ಹಾಕಿ ನೋಡಬೇಕು. ಫಿಸಿಯೋ ಮೇಡಂ ಅವರನ್ನೋ, ಅಷ್ಟೇ ಬಲ್ಲ ಇನ್ನೊಬ್ಬರನ್ನೋ ಕಾಯಂ ಆಗಿ ನೇಮಿಸಬೇಕು. ನಾನು ಕೂಗಬಲ್ಲೆ, ಆದರೆ ನಾನು ಫಿಸಿಯೋ ಅಲ್ಲ, ಮೆಟ್ಟಿಲು ಚಿಕಿತ್ಸಾಲಯವಲ್ಲ. ಅಳತೆ ತೆಗೆಯದೆ ಯಾರಿಗೂ ಸ್ಲೀವ್ ತೊಡಿಸಬಾರದು. ಆಪರೇಷನ್ ಆದ ಒಬ್ಬಳೇ ಒಬ್ಬ ಹೆಂಗಸನ್ನೂ, ಕೈಯನ್ನು ಹೇಗೆ ನೋಡಿಕೊಳ್ಳಬೇಕೆಂದು ಕಲಿಸದೆ ಗೇಟು ದಾಟಿಸಬಾರದು. ಇದು ಭಿಕ್ಷೆಯಲ್ಲ. ಇವೆಲ್ಲ ನೀವೇ ಕೊಟ್ಟ ಮಾತುಗಳು.

ಈ ಪತ್ರವನ್ನು ಪತ್ರಿಕೆಗೆ ಕೊಡುವ ಮುಂಚೆ ಟೈಲರಕ್ಕನಿಗೆ ಓದಿ ಹೇಳಿದೆ, ನಾವು ಮತ್ತೆ ಸೇರುತ್ತಿರುವುದನ್ನೂ ತಿಳಿಸಿದೆ. ಬಾ ಎಂದು ಕರೆಯಲಿಲ್ಲ. ಕರೆಯುವ ಹಕ್ಕು ನನಗಿಲ್ಲ. ಅವಳು ಬಾತ ಕೈಯನ್ನು ಮೆಲ್ಲಗೆ ದಿಂಬಿನ ಮೇಲೆತ್ತಿಟ್ಟುಕೊಂಡಳು. ಆಮೇಲೆ ಕೇಳಿದಳು: "ಯಾವತ್ತಕ್ಕಾ? ಎಷ್ಟೊತ್ತಿಗೆ?"

ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತಿದ್ದೇನೆ. ಈ ಸಲ ಮೆಟ್ಟಿಲ ಮೇಲಲ್ಲ, ನಿಮ್ಮ ಕಚೇರಿಯ ಬಾಗಿಲೆದುರು. ಮತ್ತೆ ಕೈ ಎತ್ತುತ್ತೇವೆ, ಮತ್ತೆ ಮುಷ್ಟಿ ಬಿಗಿಯುತ್ತೇವೆ. ಕಳೆದ ಸಲ ಅದು ಬರೀ ವ್ಯಾಯಾಮವಾಗಿತ್ತು. ನಿಮ್ಮ ಸೆಕ್ಯುರಿಟಿಯವನು ತಪ್ಪು ತಿಳಿದ. ಈ ಸಲ ಅವನು ತಪ್ಪು ತಿಳಿಯುವ ಪ್ರಶ್ನೆಯೇ ಇಲ್ಲ. ಡಿಮ್ಯಾಂಡ್ ಏನೆಂದು ವಾಕಿಟಾಕಿಯಲ್ಲಿ ಕೇಳಿದರೆ, ಈ ಪತ್ರ ಓದಿ ಹೇಳಲಿ.

ಇಂತಿ, 'ತಮ್ಮ ವಿಶ್ವಾಸಿ' ಎಂದು ಬರೆಯಲು ಮನಸ್ಸು ಒಪ್ಪದ,
ನಿಮ್ಮ ಫಲಕದ ಅಂಚಿನಲ್ಲಿ ಕೈಯಿಲ್ಲದೆ ನಗುತ್ತಿರುವ ಕಂಡಕ್ಟರ್

ಬರುವ ಗುರುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ.