ಗೋಡೆಯ ಸ್ವಿಚ್ ಮುಟ್ಟಬೇಡಿ

ರೀ,
ಕಂಪ್ಯೂಟರ್‌ಗೆ ವಿಂಡೋಸ್ ಮತ್ತೆ ಹಾಕಿದಾಗಿಂದ ನನ್ನ ಕಸೂತಿ ಮೆಷಿನ್ನಿನ ಸಾಫ್ಟ್‌ವೇರ್ ಡೌನ್‌ಲೋಡ್ ಮೂರು ದಿನವೂ ಅರ್ಧಕ್ಕೇ ನಿಂತಿತಲ್ಲ, ಕಳ್ಳ ಸಿಕ್ಕಿದ. ನೀವೇ! ನಾನು ಬೆಳಿಗ್ಗೆ ಡೌನ್‌ಲೋಡ್‌ಗೆ ಹಾಕಿ ಕೆಲಸಕ್ಕೆ ಹೋಗ್ತೀನಿ. ನೀವು ಸಂಜೆ ಡ್ಯೂಟಿಗೆ ಹೊರಡುವಾಗ ಗೋಡೆಯ ಸ್ವಿಚ್ ಆರಿಸಿಬಿಡ್ತೀರಿ. ನಿನ್ನೆ ಬಂದಾಗ ಸ್ವಿಚ್ ಆರಿರೋದನ್ನ ಕಣ್ಣಾರೆ ನೋಡಿದೆ. ಪಾಪ, ರಿಪೇರಿಯವನಿಗೆ ಸುಮ್ಸುಮ್ನೆ ಬೈದೆ.

ನಮ್ಮ ನೆಟ್‌ಗೆ ಇಡೀ ದಿನ ಬೇಕು. ಇವತ್ತು ಮುಟ್ಟಬೇಡಿ, ಶಾಲೆಯ ಅರವತ್ತು ಬ್ಯಾಡ್ಜ್ ನಾಳಿದ್ದೇ ಕೊಡಬೇಕು.

ಊಟ ಮುಚ್ಚಿಟ್ಟಿದೀನಿ. ಬಿಸಿ ಮಾಡ್ಕೊಂಡೇ ತಿನ್ನಿ.

ಸಾಫ್ಟ್‌ವೇರ್ ಸರಿಹೋದ ಮೇಲೂ ಆರಿಸೋದು ಬೇಡ. ನಾನು ಬಾಗಿಲು ತೆಗೆದಾಗ ಒಳಗೆ ಸ್ಕ್ರೀನ್ ಬೆಳಕು ಕಂಡ್ರೆ, ಚಪ್ಪಲಿ ಬಿಡೋವರೆಗಾದ್ರೂ ನೀವಿನ್ನೂ ಹೊರಟಿಲ್ಲ ಅಂದ್ಕೋಬಹುದು.