ಸಾಧು ಬಾವಿ

ಜನವರಿ ೯, ಬೆಳಿಗ್ಗೆ
ಮತ್ತೆ ಅದೇ ಸ್ಕ್ರೀನ್, ಅದೇ ಗೆರೆಗಳು. ಕಡಲಡಿಗೆ ಕಳಿಸಿದ ಸದ್ದಿನ ಅಲೆ ಜೇಡಿಗಲ್ಲಿನ ಪದರಕ್ಕೆ ಬಂದೊಡನೆ ನಿಧಾನವಾಗುತ್ತದೆ. ಅಂದರೆ ನೀರು ಒಳಗೇ ಸಿಕ್ಕಿಬಿದ್ದಿದೆ, ಒತ್ತಡ ಏರಿದೆ. ಅದರ ಕೆಳಗೆ ಮರಳುಗಲ್ಲು, ಅದರಲ್ಲಿ ಅನಿಲ.
ಅಮ್ಮನ ಫೋನ್. ನಿನ್ನ ಕೆಲಸವಾದರೂ ಏನು ಎಂದಳು. ವಿವರಿಸಿದೆ — ಕೊರೆಯುವಾಗ ಬಾವಿಗೆ ತುಂಬುವ ಮಡ್ಡಿನ, ಅಂದರೆ ಕೆಸರಿನ ದ್ರವದ, ಭಾರವೇ ಅನಿಲವನ್ನು ಅದುಮಿ ಹಿಡಿಯಬೇಕು; ಹಗುರವಾದರೆ ಅನಿಲ ಮೇಲೆ ನುಗ್ಗುತ್ತದೆ, ಹೆಚ್ಚು ಭಾರವಾದರೆ ಕಲ್ಲು ಸೀಳುತ್ತದೆ, ನಡುವೆ ಇರುವುದು ಕೂದಲೆಳೆ. ಕುಕ್ಕರಿಗಾದರೆ ಸೀಟಿ ಇದೆ, ನಿಮ್ಮದಕ್ಕೆ ಏನಿದೆ ಎಂದಳು.
ನಿನ್ನ ಮಗ ಇದ್ದಾನೆ ಎನ್ನಬೇಕಿತ್ತು. ಈ ಹೊಸ ಬಾವಿ ಕೊರೆಯಲಿರುವ ಕಡಲ ರಿಗ್ಗಿನಲ್ಲೇ ತಮ್ಮ ಡ್ರಿಲ್ಲರ್. ಎನ್ನಲಿಲ್ಲ.

ಜನವರಿ ೧೧
ಮುಖ್ಯಸ್ಥರಿಗೆ ನಾವಿಟ್ಟ ಹೆಸರು ಸರಾಸರಿ ಸಾಹೇಬ. ಹಗುರ ಮಡ್ಡೇ ಸಾಕಂತೆ. ಹಿಂದೆ ಪಕ್ಕದಲ್ಲಿ ಕೊರೆದ ಬಾವಿ ಒಮ್ಮೆಯೂ ಒದೆಯಲಿಲ್ಲವಂತೆ, ಅನಿಲ ಮೇಲೆ ನುಗ್ಗಲೇ ಇಲ್ಲವಂತೆ. ಒದೆಯದ ಹಸುವಿಗೆ ಹೇಳಿದ ಹಾಗೆ ಅದಕ್ಕೆ ‘ಸಾಧು’ ಎಂದೇ ಹೆಸರು. ಎಲ್ಲರೂ ತಲೆಯಾಡಿಸಿದರು. ಲೆಕ್ಕ ಹಾಕಿದ್ದು ಯಾರು? ಆ ಹೆಸರು.

ಜನವರಿ ೧೭
ಸಾಧುವಿನ ಕಲ್ಲಿನ ಚೂರುಗಳನ್ನು ಗೋದಾಮಿನಿಂದ ತರಿಸಿ ನೋಡಿದೆ. ತಳದವರೆಗೂ ಜೇಡಿಗಲ್ಲು. ಮರಳುಗಲ್ಲನ್ನು ಆ ಬಾವಿ ಮುಟ್ಟಿಯೇ ಇಲ್ಲ. ಜೇಡಿಗಲ್ಲಿನೊಳಗೆ ಎಷ್ಟೇ ಒತ್ತಡವಿರಲಿ, ಹೊರಬರಲು ಕಿಂಡಿಯಿಲ್ಲ. ಒದೆಯುವುದು ಎಲ್ಲಿಂದ?
ಬಾಯಿ ಹೊಲಿಸಿಕೊಂಡವನನ್ನು ಸಾಧು ಎಂದು ಕರೆದಿದ್ದೇವೆ. ಮನುಷ್ಯರಿಗೂ ಇದನ್ನೇ ಮಾಡುತ್ತೇವೆ. ಥೂ.

ಜನವರಿ ೧೮
ಭಾರದ ಮಡ್ಡು ಬೇಕು, ಅದನ್ನು ತಾಳಿಕೊಳ್ಳಲು ಮೇಲಿನ ಕಲ್ಲಿಗೆ ಇನ್ನೊಂದು ಉಕ್ಕಿನ ಕೊಳವೆ ಇಳಿಸಬೇಕು ಎಂದೆ. ತಡವಾಗುತ್ತದಂತೆ. ಸಾಹೇಬರು ನಕ್ಕರು.
“ನಿಮ್ಮದೊಂದು ಅತಿ, ನಮ್ಮದೊಂದು ಅತಿ. ಸರಾಸರಿ ತಗೊಳ್ಳೋಣ ಮೇಡಂ.”
“ಸಾಯೋರು ಸರಾಸರೀಲಿ ಸಾಯಲ್ಲ ಸಾರ್.”
ಬಾವಿಯ ವರದಿಗೆ ನಾನು ಸಹಿ ಹಾಕಲಿಲ್ಲ.

ಜನವರಿ ೨೭
ಸಹಿ ಬೇರೆಯವರಿಂದ ಆಯಿತು. ನನ್ನ ಪುಟಗಳು ವರದಿಯಲ್ಲಿಲ್ಲ.
ಅಮ್ಮನ ಮನೆಯಲ್ಲಿ ಊಟ. ತಮ್ಮ ತನ್ನ ಮಗಳನ್ನು ಹೆಗಲೇರಿಸಿಕೊಂಡು ಕುಣಿಸುತ್ತಿದ್ದ. ಹೇಳಲು ಹೊರಟೆ... ಇವನೊಬ್ಬನಿಗೆ ಹೇಳಿದರೆ ಇವನು ರಜೆ ಹಾಕುತ್ತಾನೆ. ಆ ಕುರ್ಚಿಗೆ ಇನ್ನೊಬ್ಬಳ ತಮ್ಮ ಬರುತ್ತಾನೆ.
ಉಪ್ಪು ಕೊಡೋ ಎಂದೆ.

ಫೆಬ್ರವರಿ ೫
ರಿಗ್ಗಿಗೆ ಹೊರಡುವವರ ಸಭೆ. ನನ್ನನ್ನು ಕರೆದಿರಲಿಲ್ಲ. ಹೋದೆ. ಸಾಹೇಬರು ಸಾಧುವಿನ ಚಿತ್ರ ತೋರಿಸಿ ಮುಗಿಸಿದ ಕೂಡಲೇ ಎದ್ದು ನಿಂತೆ. ಕಲ್ಲಿನ ವಿಷಯ ಒಂದೂ ಬಿಡದೆ ಹೇಳಿದೆ. ಕೂರಿ ಎಂದರು, ಕೂರಲಿಲ್ಲ. ಹಿಂದಿನ ಸಾಲಿನಿಂದ ತಮ್ಮ ಮೆಲ್ಲಗೆ ಕೇಳಿದ.
“ಅಕ್ಕಾ, ನೀನಾಗಿದ್ರೆ ಕೊರೀತಿದ್ಯಾ?”
“ಈ ಹಗುರ ಮಡ್ಡಿಟ್ಕೊಂಡಾ? ಇಲ್ಲ ಕಣೋ.”
ಹೊರಗೆ ಹೆಲಿಕಾಪ್ಟರ್ ಕಾಯುತ್ತಿತ್ತು. ಹೊರಡಬೇಕಿದ್ದವನೊಬ್ಬನ ಹೆಲ್ಮೆಟ್ಟು ಸಾಹೇಬರ ಮೇಜಿನ ಮೇಲೆ ಬಂತು. ತಮ್ಮನದಲ್ಲ. ಆಮೇಲೆ ಇನ್ನೊಂದು. ಆಮೇಲೆ —